ನೀರು ಪಳಗೋ ತನಕ ಮೀನು ಕೊಡದ ಅಂಗಡಿ

ತುಮಕೂರಿನಲ್ಲಿ ಒಂದು ಮೀನಿನ ಅಂಗಡಿ ಇದೆ. ತಿನ್ನೋ ಮೀನಲ್ಲ, ಸಾಕೋ ಮೀನು. ಅದಕ್ಕೆ ಬೋರ್ಡಿಲ್ಲ. ಒಂದು ಕಡೆ ಝೆರಾಕ್ಸ್ ಅಂಗಡಿ, ಇನ್ನೊಂದು ಕಡೆ ಸೈಕಲ್ ರಿಪೇರಿ, ನಡುವೆ ಹತ್ತಡಿ ಅಗಲದ ಶಟರು. ಒಳಗೆ ಕಾಲಿಟ್ಟರೆ ಎಲ್ಲಾ ಕಡೆಯಿಂದ ಗುಳುಗುಳು ಸದ್ದು. ಯಜಮಾನರಿಗೆ ಅರವತ್ತು ದಾಟಿದೆ. ನಾನೂ ಮಗಳೂ ಮೊದಲ ಸಲ ಹೋದಾಗ ಯಾವ ಮೀನು ಬೇಕು ಅಂತ ಅವರು ಕೇಳಲೇ ಇಲ್ಲ. "ನಿಮ್ಮ ಮನೆ ನೀರು ತಂದಿದ್ದೀರಾ?" ಅಂದರು.

ತಂದಿರಲಿಲ್ಲ. "ಮೀನು ಇರಬೇಕಾದ್ದು ನಿಮ್ಮ ನೀರಲ್ಲಿ. ಅದನ್ನ ನೋಡದೆ ನಾನು ಏನು ಕೊಡಲಿ ಸ್ವಾಮಿ?" ಅಂದರು. ಅವತ್ತು ಬರಿಗೈಯಲ್ಲಿ ಬಸ್ ಹತ್ತಿದೆವು. ಮಗಳ ಮುಖ ಊದಿಕೊಂಡಿತ್ತು.

ಅದಾಗಿ ಎಂಟು ತಿಂಗಳು. ಈಗ ಆ ಅಂಗಡಿ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ಮನೆಯಲ್ಲಿ ಮೀನು ಸಾಕಿ, ವಾರದಲ್ಲಿ ಸಾಯಿಸಿ, "ನಮ್ಮ ಕೈಗೆ ಹತ್ತಲ್ಲ" ಅಂತ ಗಾಜಿನ ತೊಟ್ಟಿಯನ್ನ ಅಟ್ಟಕ್ಕೆ ಹಾಕಿದವರು ಬಹಳ ಜನ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ನನ್ನ ವಿಷಯ. ನಾನು ಒಂದು ಗ್ರಾಮ ಪಂಚಾಯಿತಿಯಲ್ಲಿ ನೀರುಗಂಟಿ. ಹದಿನಾರು ವರ್ಷದಿಂದ ಮೋಟರ್ ಹಾಕೋದು, ವಾಲ್ವ್ ತಿರುಗಿಸೋದು, ಪೈಪ್ ಒಡೆದರೆ ಗುಂಡಿ ತೋಡೋದು, ಟ್ಯಾಂಕ್ ತೊಳೆಯೋದು, ಬ್ಲೀಚಿಂಗ್ ಪೌಡರ್ ಹಾಕೋದು ನನ್ನ ಕೆಲಸ. ನಮ್ಮದು 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 125 ಗ್ರಾಂ ಪೌಡರನ್ನ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನ ಮಾತ್ರ ಟ್ಯಾಂಕಿಗೆ ಸುರೀತೀನಿ. ಕೊನೇ ಮನೆಯ ನಲ್ಲಿಯಲ್ಲಿ ನೀರು ಹಿಡಿದು ಕ್ಲೋರೋಸ್ಕೋಪಿನ ಹನಿ ಬಿಟ್ಟರೆ ತೆಳು ಹಳದಿ ಬರಬೇಕು. ಲೀಟರಿಗೆ ಕಡೇ ಪಕ್ಷ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನೋದು ನಿಯಮ. ಆ ಹಳದಿ ಕಂಡರೆ ನನಗೆ ರಾತ್ರಿ ನಿದ್ದೆ ಬರುತ್ತೆ. ಊರಿನ ಮಕ್ಕಳಿಗೆ ವಾಂತಿಭೇದಿ ಆಗಲ್ಲ ಅನ್ನೋ ಧೈರ್ಯ.

ಕಳೆದ ವರ್ಷ ಜಾತ್ರೆಯಲ್ಲಿ ಮಗಳು ಹಟ ಮಾಡಿ ಎರಡು ಗೋಲ್ಡ್ ಫಿಶ್ ತಗೊಂಡಳು. ಜೊತೆಗೆ ಒಂದು ದುಂಡು ಗಾಜಿನ ಬೋಗುಣಿ. ಆ ವಾರ ಪೈಪ್ ಲೈನ್ ಒಡೆದು ರಿಪೇರಿಯಾಗಿತ್ತು. ಮಣ್ಣು ಸೇರಿರುತ್ತೆ ಅಂತ ಬ್ಲೀಚಿಂಗ್ ಸ್ವಲ್ಪ ಜಾಸ್ತಿನೇ ಹಾಕಿದ್ದೆ. ಅದೇ ನೀರನ್ನ ನಲ್ಲಿಯಿಂದ ನೇರವಾಗಿ ಬೋಗುಣಿಗೆ ಹಿಡಿದುಕೊಟ್ಟೆ. ಬೆಳಿಗ್ಗೆ ಎರಡೂ ಮೇಲೆ ತೇಲುತ್ತಿದ್ದವು. ಕಿವಿರು ಬಿಳಿಚಿಕೊಂಡು ಲೋಳೆ ಲೋಳೆಯಾಗಿತ್ತು. ಮಗಳು ಆಗ ಆರನೇ ಕ್ಲಾಸು. ವಿಜ್ಞಾನದ ನೋಟ್ಸಿನಲ್ಲಿ ಜೀವಿಗಳ ಲಕ್ಷಣಗಳು ಅಂತ ಬರೆದುಕೊಂಡಿದ್ದಳು: ತಿನ್ನುತ್ತವೆ, ಉಸಿರಾಡುತ್ತವೆ, ಬೆಳೆಯುತ್ತವೆ, ಚಲಿಸುತ್ತವೆ, ಹೊರಗಿನ ಪ್ರಚೋದನೆಗೆ ಪ್ರತಿಕ್ರಿಯೆ ಕೊಡುತ್ತವೆ, ಕಲ್ಮಶ ಹೊರಹಾಕುತ್ತವೆ, ಮರಿ ಮಾಡುತ್ತವೆ. ಪಕ್ಕದಲ್ಲಿ ಮೀನಿನ ಚಿತ್ರ. ಅವಳು ಕೇಳಿದ್ದು ಒಂದೇ ಮಾತು. "ಅಪ್ಪಾ, ನೀರು ಚೆನ್ನಾಗಿದೆ ಅಂತ ನೀನೇ ಹೇಳಿದ್ಯಲ್ಲ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರ ಸಿಕ್ಕಿದ್ದು ಈ ಅಂಗಡಿಯಲ್ಲಿ.

ಎರಡನೇ ಸಲ ಹೋದಾಗ ಒಂದು ಲೀಟರ್ ಬಾಟಲಿಯಲ್ಲಿ ನೀರು ತಗೊಂಡು ಹೋದೆವು. ಯಜಮಾನರು ಮೊದಲು ಮೂಗಿನ ಹತ್ತಿರ ಹಿಡಿದರು. "ಬ್ಲೀಚಿಂಗ್ ಇದೆ" ಅಂದರು. ನಾನು ಯಾರು ಅಂತ ಹೇಳಿದೆ. ಜಾತ್ರೆ ಮೀನಿನ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಒಂದು ಸ್ಟೂಲ್ ಎಳೆದು ಮಗಳನ್ನ ಕೂರಿಸಿ ತೊಟ್ಟಿಯಲ್ಲಿದ್ದ ದೊಡ್ಡದೊಂದು ಮೀನು ತೋರಿಸಿದರು. "ನೋಡು ಪುಟ್ಟಿ, ಬಾಯಿ ತೆರೆದು ಮುಚ್ತಾ ಇದೆಯಲ್ಲ? ನೀರು ಕುಡೀತಿಲ್ಲ ಅದು, ಉಸಿರಾಡ್ತಿದೆ. ನೀರು ಬಾಯಲ್ಲಿ ಹೋಗಿ ಕಿವಿರಲ್ಲಿ ಆಚೆ ಬರುತ್ತೆ. ಕಿವಿರಿನ ಚರ್ಮ ಈರುಳ್ಳಿ ಪೊರೆಗಿಂತ ತೆಳು. ನಿಮ್ಮಪ್ಪ ಹಾಕೋ ಔಷಧಿ ಕ್ರಿಮಿನ ಸಾಯಿಸಬೇಕು, ಅದಕ್ಕೇ ಹಾಕೋದು. ಆದರೆ ಕ್ರಿಮಿ ಯಾವುದು, ಕಿವಿರು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ, ಎರಡನ್ನೂ ಸುಡುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ನೀವು ಮಾಡಿದ್ದು ತಪ್ಪಲ್ಲ ಸ್ವಾಮಿ. ಅದು ಮನುಷ್ಯರ ನೀರು. ಮೀನಿನ ನೀರು ಬೇರೆ" ಅಂದರು.

ಆಮೇಲೆ ನೀರಲ್ಲಿ ಲವಣ ಎಷ್ಟು ಕರಗಿದೆ ಅಂತ ತೋರಿಸೋ ಟಿಡಿಎಸ್ ಮೀಟರ್ ಅದ್ದಿದರು, ನೀರು ಹುಳಿಯೋ ಕ್ಷಾರವೋ ಅಂತ ಪಿಎಚ್ ನೋಡಿದರು, ಗಡಸುತನಕ್ಕೆ ಹನಿ ಬಿಟ್ಟರು. ನಮ್ಮದು ಬೋರ್‌ವೆಲ್ ನೀರು, ಗಡಸು ಅಂತ ನನಗೆ ಗೊತ್ತಿತ್ತು. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಕೊಳವೆಯೊಳಗೆ ಬಿಳಿ ಪೊರೆ ಕಟ್ಟುತ್ತೆ. ಮಗಳಿಗೆ ನಿಯಾನ್ ಟೆಟ್ರಾ ಬೇಕಿತ್ತು, ಆ ನೀಲಿ ಗೆರೆ ಹೊಳೆಯೋ ಪುಟಾಣಿ ಮೀನು. ಕೊಡಲ್ಲ ಅಂದರು. ಅದರ ಮೂಲ ಅಮೆಜಾನ್ ಕಡೆಯ ಹಳ್ಳಕೊಳ್ಳ, ಎಲೆ ಕೊಳೆತು ಹುಳಿಯಾದ ಮೆತ್ತನೆ ನೀರಿನಲ್ಲಿ ಹುಟ್ಟಿ ಬೆಳೆಯೋ ಜೀವ. ನಮ್ಮ ನೀರಿನಲ್ಲಿ ಒದ್ದಾಡಿ ಒದ್ದಾಡಿ ಹೋಗುತ್ತೆ. ಗಪ್ಪಿ, ಮಾಲಿ ಅನ್ನೋ ಮೀನುಗಳಿಗೆ ಗಡಸು ನೀರೇ ಇಷ್ಟ. "ನಿಮ್ಮ ನೀರಿಗೆ ತಕ್ಕ ಮೀನು ತಗೊಳ್ಳಿ. ಮೀನಿಗೆ ತಕ್ಕ ಹಾಗೆ ನೀರನ್ನ ಬದಲಾಯಿಸೋಕೆ ಹೋದರೆ ದಿನಾ ಗೋಳು."

ನಿಯಾನ್ ಟೆಟ್ರಾ ಅಂಗಡಿಯಲ್ಲಿ ಇತ್ತು. ನಾವು ದುಡ್ಡು ಕೊಡೋಕೂ ತಯಾರಿದ್ದೆವು. ಆದರೂ ಕೊಡಲಿಲ್ಲ. ಬೇರೆ ಎಷ್ಟೋ ಅಂಗಡಿ ಹತ್ತಿದ್ದೀನಿ, ಹೀಗೆ ಬೇಡ ಅಂದ ವ್ಯಾಪಾರಿಯನ್ನ ನಾನು ನೋಡಿಲ್ಲ.

ಸರಿ, ಗಪ್ಪಿನೇ ಕೊಡಿ ಅಂದರೆ ಅದೂ ಇಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಕೊಟ್ಟರು. ಐವತ್ತು ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಒಂದು ಸ್ಪಂಜ್ ಫಿಲ್ಟರ್, ಒಂದು ಏರ್ ಪಂಪ್, ಅಮೋನಿಯಾ ನೋಡೋ ಹನಿಯ ಪೆಟ್ಟಿಗೆ, ಒಂದು ಚಿಕ್ಕ ಡಬ್ಬಿ ಮೀನಿನ ತಿಂಡಿ. ಎಲ್ಲಾ ಸೇರಿ 2,350 ರೂಪಾಯಿ. ಮೀನು ಮಾತ್ರ ಇಲ್ಲ. "ನೀರು ಪಳಗಲಿ. ಮೂರು ವಾರ ಬಿಟ್ಟು ಬನ್ನಿ" ಅಂದರು.

ಹೊಸ ಕಾವಲಿ ಪಳಗಿಸೋದು ಗೊತ್ತು. ಹೊಸ ಮಡಕೆ ಪಳಗಿಸೋದೂ ಗೊತ್ತು. ನೀರನ್ನ ಪಳಗಿಸೋದು ಅಂದರೆ ಏನು ಅಂತ ಕೇಳಿದೆ. ಅವರು ಮಾತಾಡದೆ ಒಂದು ಹಳೇ ತೊಟ್ಟಿಗೆ ಕೈ ಹಾಕಿ, ಕಂದು ಬಣ್ಣಕ್ಕೆ ತಿರುಗಿದ್ದ ಸ್ಪಂಜನ್ನ ತೆಗೆದು, ಒಂದು ಪ್ಲಾಸ್ಟಿಕ್ ಚೀಲದೊಳಗೆ ಹಿಂಡಿದರು. ರಾಗಿ ಗಂಜಿ ಹಾಗಿದ್ದ ನೀರು ಇಳಿಯಿತು. ಮಗಳು ಮೂಗು ಮುಚ್ಚಿಕೊಂಡಳು. "ಮೂಸಿ ನೋಡು" ಅಂದರು. ನಾನೂ ಮೂಸಿದೆ. ನಾತವೇ ಇಲ್ಲ. ಮೊದಲ ಮಳೆ ಬಿದ್ದ ಹೊಲದ ವಾಸನೆ. "ಇದು ಹೆಪ್ಪು. ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಾಗೆ. ಇದಕ್ಕೆ ಕಾಸಿಲ್ಲ, ತಗೊಂಡು ಹೋಗಿ."

ಆ ಹೆಪ್ಪು ಏನು ಮಾಡುತ್ತೆ ಅನ್ನೋದನ್ನ ಅವರು ಹೇಳಿದ ಹಾಗೇ ಹೇಳ್ತೀನಿ. ಮೀನು ತಿಂದದ್ದು ಕರಗಿದ ಮೇಲೆ ಅದರ ಮೈಯಿಂದ ಅಮೋನಿಯಾ ಹೊರಗೆ ಬರುತ್ತೆ, ಹೆಚ್ಚಿನದೆಲ್ಲ ಕಿವಿರಿನ ಮೂಲಕವೇ. ನದಿಯಲ್ಲಾದರೆ ಅದು ಹರಿದು ಹೋಗುತ್ತೆ. ಗಾಜಿನ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಮೀನು ತಾನು ಹೊರಹಾಕಿದ್ದರಲ್ಲೇ ತಾನು ಉಸಿರಾಡಬೇಕು. ಅಮೋನಿಯಾನ ತಿಂದು ನೈಟ್ರೈಟ್ ಮಾಡೋ ಬ್ಯಾಕ್ಟೀರಿಯಾ ಒಂದು ಗುಂಪು. ಆ ನೈಟ್ರೈಟೂ ವಿಷವೇ. ಅದನ್ನ ತಿಂದು ನೈಟ್ರೇಟ್ ಮಾಡೋದು ಇನ್ನೊಂದು ಗುಂಪು. ನೈಟ್ರೇಟ್ ಅಷ್ಟು ಕೆಡುಕಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಸಾಕು, ಗಿಡ ಇದ್ದರೆ ಅದೂ ಒಂದಷ್ಟು ಹೀರಿಕೊಳ್ಳುತ್ತೆ. ಆಮೇಲೆ ಮಗಳು ಶಾಲೆಯಲ್ಲಿ ಮಿಸ್ಸನ್ನ ಕೇಳಿ ಹೆಸರು ಬರೆದುಕೊಂಡು ಬಂದಳು. ಮೊದಲ ಗುಂಪಿನಲ್ಲಿ ನೈಟ್ರೊಸೊಮೊನಾಸ್, ಎರಡನೇದರಲ್ಲಿ ನೈಟ್ರೊಸ್ಪೈರಾ. ಇವು ಸ್ಪಂಜಿನ ಸಂದುಗೊಂದಿನಲ್ಲಿ ಮನೆ ಮಾಡುತ್ತವೆ. ಮೊಸರಿನ ಬ್ಯಾಕ್ಟೀರಿಯಾ ಒಂದೇ ರಾತ್ರಿಯಲ್ಲಿ ಕೆಲಸ ಮುಗಿಸುತ್ತೆ. ಇವು ಹಾಗಲ್ಲ. ಒಂದು ಎರಡಾಗೋಕೇ ಹೆಚ್ಚು ಕಡಿಮೆ ಒಂದು ದಿನ ಬೇಕು. ಏನೂ ಹೆಪ್ಪು ಹಾಕದಿದ್ದರೆ ತೊಟ್ಟಿ ತಯಾರಾಗೋಕೆ ನಾಲ್ಕರಿಂದ ಆರು ವಾರ.

ಬ್ಯಾಕ್ಟೀರಿಯಾನ ಸಾಯಿಸೋದು ನನ್ನ ಕೆಲಸ. ಅದನ್ನ ಜೋಪಾನವಾಗಿ ಚೀಲದಲ್ಲಿ ಕಟ್ಟಿಕೊಂಡು, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು, ಬಿಸಿಲು ತಾಗದ ಹಾಗೆ ಟವೆಲ್ ಹೊದಿಸಿ ಮನೆಗೆ ತಂದೆ.

ಅವರು ಹೇಳಿದ ಹಾಗೆ ನೀರನ್ನ ಬಕೆಟ್ಟುಗಳಲ್ಲಿ ತುಂಬಿ, ಏರ್ ಪಂಪ್ ಬಿಟ್ಟು ಒಂದು ದಿನ ಪೂರ್ತಿ ಹಾಗೇ ಇಟ್ಟೆವು. ಮಾರನೇ ದಿನ ನನ್ನ ಕ್ಲೋರೋಸ್ಕೋಪ್ ತಂದು ಹನಿ ಬಿಟ್ಟೆ. ಹಳದಿ ಬರಲಿಲ್ಲ. ಹದಿನಾರು ವರ್ಷದಲ್ಲಿ ಹಳದಿ ಬರಲಿಲ್ಲ ಅಂತ ನಾನು ಸಮಾಧಾನಪಟ್ಟಿದ್ದು ಅದೇ ಮೊದಲು. ಗಾಳಿ ಬಿಡೋದರಿಂದ ಇನ್ನೊಂದು ಉಪಕಾರ ಇದೆ. ಆಳದ ಬೋರ್‌ವೆಲ್ಲಿಂದ ಆಗಷ್ಟೇ ಮೇಲೆ ಬಂದ ನೀರಿನಲ್ಲಿ ಆಕ್ಸಿಜನ್ ಬಹಳ ಕಮ್ಮಿ ಇರುತ್ತಂತೆ. ಕಣ್ಣಿಗೆ ಸ್ಫಟಿಕದ ಹಾಗೆ ಕಾಣೋ ನೀರು ಮೀನಿಗೆ ಉಸಿರು ಕಟ್ಟಿಸಬಹುದು. ಅದೂ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಮೋಟರ್ ಹಾಕಿದ್ದೀನಿ.

ಆಮೇಲೆ ಕಾಯೋದು. ಖಾಲಿ ತೊಟ್ಟಿಗೆ ದಿನಾ ಒಂದು ಚಿಟಿಕೆ ತಿಂಡಿ ಹಾಕಬೇಕು, ಅದು ಕೊಳೆತು ಅಮೋನಿಯಾ ಆಗಬೇಕು, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಪಕ್ಕದ ಮನೆಯವರು ಬಂದು "ಮೀನೇ ಇಲ್ಲದ ತೊಟ್ಟಿಗೆ ತಿಂಡಿ ಹಾಕ್ತಿದ್ದೀರಲ್ಲ" ಅಂದರು. ಮಗಳು "ಮೀನಿಲ್ಲ ಆಂಟಿ, ಆದರೆ ಜೀವ ಇದೆ" ಅಂದಳು. ಅಮೋನಿಯಾ ಪರೀಕ್ಷೆಯಲ್ಲಿ ಹಳದಿ ಬಂದರೆ ಇಲ್ಲ ಅಂತ, ಹಸಿರಾದರೆ ಇದೆ ಅಂತ. ನಾಲ್ಕನೇ ದಿನ ತೆಳು ಹಸಿರು. ಒಂಬತ್ತನೇ ದಿನ ಹುರುಳಿ ಸೊಪ್ಪಿನ ಹಾಗೆ ದಟ್ಟ ಹಸಿರು. ಹದಿನಾಲ್ಕನೇ ದಿನವೂ ಅದೇ. ಮಗಳಿಗೆ ಬೇಸರ ಬಂತು, ನನಗೆ ಬರಲಿಲ್ಲ. ಹದಿನೇಳನೇ ದಿನ ಬೆಳಿಗ್ಗೆ ಟ್ಯೂಬ್ ಎತ್ತಿ ಕಿಟಕಿಗೆ ಹಿಡಿದರೆ ಹಸಿರು ಇಳಿದಿತ್ತು. ಇಪ್ಪತ್ತೊಂದನೇ ದಿನ ಹಳದಿ, ಅದೂ ಅಚ್ಚ ಹಳದಿ. ನಾವು ಸ್ಪಂಜಿಗೆ ಏನೂ ಮಾಡಿರಲಿಲ್ಲ. ಅಲ್ಲಿ ಯಾರೋ ಕೂತು ತಿಂದಿದ್ದಾರೆ, ಉಸಿರಾಡಿದ್ದಾರೆ, ಹೆಚ್ಚಿದ್ದಾರೆ, ಹೊರಹಾಕಿದ್ದಾರೆ. ಮಗಳ ಪಟ್ಟಿಯಲ್ಲಿದ್ದ ಒಂದೊಂದೂ ಆ ಟ್ಯೂಬಿನ ಬಣ್ಣದಲ್ಲೇ ನಡೆದುಹೋಗಿತ್ತು. ಕಣ್ಣಿಗೆ ಮಾತ್ರ ಏನೂ ಕಾಣಲಿಲ್ಲ.

ನೀರಿನ ಬಾಟಲಿ ಹಿಡಿದು ಅಂಗಡಿಗೆ ಓಡಿದೆವು. ನೈಟ್ರೈಟ್, ನೈಟ್ರೇಟ್ ಎರಡನ್ನೂ ಅವರು ಪುಕ್ಕಟೆ ನೋಡಿಕೊಡುತ್ತಾರೆ. ನೈಟ್ರೈಟ್ ಇನ್ನೂ ಒಂದು ಚೂರು ಇದೆ, ಮೂರು ದಿನ ತಡೀರಿ ಅಂದರು. ತಡೆದೆವು. ನೈಟ್ರೇಟಿನ ಟ್ಯೂಬು ಗುಲಾಬಿ ಬಣ್ಣಕ್ಕೆ ತಿರುಗಿದ್ದು ನೋಡಿ ನಾನು ಬೆರಗಾದೆ. ಪಂಚಾಯಿತಿಯ ನೀರು ಪರೀಕ್ಷೆ ಕಿಟ್ಟಿನಲ್ಲೂ ನೈಟ್ರೇಟಿಗೆ ಇದೇ ಗುಲಾಬಿ. ಕುಡಿಯೋ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ವರ್ಷಗಟ್ಟಲೆ ಪುಸ್ತಕದಲ್ಲಿ ತುಂಬಿದ್ದೀನಿ. ತಿಪ್ಪೆ ಪಕ್ಕದ ಬೋರ್‌ವೆಲ್ಲಿನಲ್ಲಿ ಅದು ಯಾಕೆ ಜಾಸ್ತಿ ಅಂತ ಯೋಚಿಸಿದ್ದೇ ಇಲ್ಲ. ತಿಪ್ಪೆಯ ಮಣ್ಣಿನಲ್ಲೂ ಇದೇ ಕೆಲಸ ನಡೀತಿದೆ, ಸಗಣಿ ಗಂಜಲದ ಅಮೋನಿಯಾ ನೈಟ್ರೇಟ್ ಆಗಿ ಕೆಳಗಿಳೀತಿದೆ. ಇದನ್ನ ನನಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಇಪ್ಪತ್ತನಾಲ್ಕನೇ ದಿನ ಮೂರು ಹೆಣ್ಣು, ಒಂದು ಗಂಡು ಗಪ್ಪಿ ಕೊಟ್ಟರು. ಜೋಡಿಗೆ 60 ರೂಪಾಯಿ ಲೆಕ್ಕ. ಬೇರೆ ಕಡೆ 40ಕ್ಕೂ ಸಿಗುತ್ತೆ. ಚೀಲವನ್ನ ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಲೋಟ ಲೋಟವಾಗಿ ನಮ್ಮ ನೀರು ಬೆರೆಸಿ, ಆಮೇಲೆ ಬಿಡಿ ಅಂತ ಎರಡು ಸಲ ಹೇಳಿದರು. ಮಗಳಿಂದ ಮೂರನೇ ಸಲ ಹೇಳಿಸಿದರು.

ಇನ್ನೊಂದು ವಿಷಯ ಹೇಳದಿದ್ದರೆ ಈ ಅಂಗಡಿಯ ಬಗ್ಗೆ ಅರ್ಧವೇ ಹೇಳಿದ ಹಾಗೆ. ಮೀನು ಕೊಡೋ ದಿನ ಮಗಳು ಅವರನ್ನ ಒಂದು ಪ್ರಶ್ನೆ ಕೇಳಿದಳು. "ತಾತ, ಏರ್ ಪಂಪೂ ಅಲ್ಲಾಡುತ್ತೆ, ಕರೆಂಟ್ ತಿನ್ನುತ್ತೆ, ಗಾಳಿನೂ ಎಳ್ಕೊಳ್ಳುತ್ತೆ. ಅದಕ್ಕೆ ಯಾಕೆ ಜೀವ ಇಲ್ಲ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫ್ರಿಜ್ಜಿನಿಂದ ಒಂದು ತಗಡಿನ ಡಬ್ಬಿ ತೆಗೆದು ಒಂದು ಚಿಟಿಕೆ ಕಂದು ಪುಡಿಯನ್ನ ಪೇಪರಿನಲ್ಲಿ ಕಟ್ಟಿಕೊಟ್ಟರು. ನೋಡೋಕೆ ನುಣ್ಣಗಿನ ಕಾಫಿ ಪುಡಿ. ಬೆರಳಲ್ಲಿ ಉಜ್ಜಿದರೆ ಒಣ ಒಣ. "ಇದು ಅಲ್ಲಾಡಲ್ಲ, ತಿನ್ನಲ್ಲ, ಬೆಳೆಯಲ್ಲ. ಇದಕ್ಕೆ ಜೀವ ಇದೆಯೋ ಇಲ್ಲವೋ ನೀನೇ ನೋಡಿ ಬಂದು ಹೇಳು. ಲೀಟರ್ ನೀರಿಗೆ ಎರಡು ಚಮಚ ತುಂಬ ಕಲ್ಲುಪ್ಪು ಹಾಕಿ ಗಾಳಿ ಬಿಡು."

ಅದು ಆರ್ಟೀಮಿಯಾ, ಉಪ್ಪು ಸರೋವರಗಳಲ್ಲಿರೋ ಸಿಗಡಿ ಜಾತಿಯ ಸಣ್ಣ ಜೀವಿಯ ಮೊಟ್ಟೆ. ಸರೋವರ ಒಣಗಿದರೆ ಇದೂ ಒಣಗಿ, ಉಸಿರಾಟ ಗೀಸಿರಾಟ ಎಲ್ಲಾ ನಿಲ್ಲಿಸಿದ ಹಾಗೆ ವರ್ಷಗಟ್ಟಲೆ ಬಿದ್ದಿರುತ್ತೆ. ನಾವು ಉಲ್ಟಾ ಮಾಡಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಉಪ್ಪುನೀರು ಹಾಕಿ, ಪುಡಿ ಉದುರಿಸಿ, ಗಾಳಿ ಬಿಟ್ಟು ಮಲಗಿದೆವು. ಮಾರನೇ ದಿನ ಸಂಜೆ ಕೆಲಸ ಮುಗಿಸಿ ಬಂದು ಪಂಪ್ ನಿಲ್ಲಿಸಿದೆ. ಖಾಲಿ ಸಿಪ್ಪೆ ಮೇಲೆ ತೇಲಿತು. ಮಗಳು ಲೈಟ್ ಆರಿಸಿ ಬಾಟಲಿಯ ಒಂದು ಪಕ್ಕಕ್ಕೆ ಮೊಬೈಲ್ ಟಾರ್ಚ್ ಹಿಡಿದಳು. ಒಂದೆರಡು ನಿಮಿಷಕ್ಕೆ ಆ ಬೆಳಕಿನ ಕಡೆಗೆ ಕಿತ್ತಳೆ ಬಣ್ಣದ ಮೋಡ ಒಂದು ಸರಿಯತೊಡಗಿತು. ಹತ್ತಿರದಿಂದ ನೋಡಿದರೆ ಮೋಡವಲ್ಲ, ಅರ್ಧ ಮಿಲಿಮೀಟರೂ ಇಲ್ಲದ ಚುಕ್ಕಿಗಳು, ಒಂದೊಂದೂ ಕೈಕಾಲು ಬಡಿಯುತ್ತಾ ಕುಪ್ಪಳಿಸುತ್ತಿತ್ತು. ಟಾರ್ಚನ್ನ ಇನ್ನೊಂದು ಪಕ್ಕಕ್ಕೆ ಒಯ್ದಳು. ಮೋಡ ಅಲ್ಲಿಗೆ ಹೊರಟಿತು. ಮತ್ತೆ ಈ ಕಡೆ. ಮತ್ತೆ ಆ ಕಡೆ. ನನ್ನ ಹೆಂಡತಿ ಒಲೆ ಆರಿಸಿ ಬಂದು ನಿಂತಳು. ಮೂರೂ ಜನ ಕತ್ತಲಲ್ಲಿ ಆ ಬಾಟಲಿ ಮುಂದೆ ಕೂತಿದ್ದೆವು. ನಿನ್ನೆ ಪೇಪರಿನಲ್ಲಿ ಪುಡಿಯಾಗಿದ್ದದ್ದು ಇವತ್ತು ಬೆಳಕು ಯಾವ ಕಡೆ ಅಂತ ಹುಡುಕುತ್ತಿತ್ತು. ಬೇಕಾಗಿದ್ದದ್ದು ಇಷ್ಟೇ: ನೀರು, ಉಪ್ಪು, ಗಾಳಿ, ಬೆಚ್ಚಗಿನ ಒಂದು ದಿನ.

ಮಗಳು ಹೋಗಿ ಉತ್ತರ ಹೇಳಿದಳು. "ತಾತ, ಪಂಪಿಗೆ ಎಷ್ಟು ಕರೆಂಟ್ ಕೊಟ್ಟರೂ ಮರಿ ಪಂಪ್ ಆಗಲ್ಲ. ಸವೆದರೆ ಅದೇ ಸರಿ ಮಾಡಿಕೊಳ್ಳಲ್ಲ." ಅವರು ಏನೂ ಹೇಳಲಿಲ್ಲ, ಜೇಬಿನಿಂದ ಕಡಲೆ ಮಿಠಾಯಿ ತೆಗೆದು ಕೊಟ್ಟರು.

ಗಪ್ಪಿ ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ನಾಲ್ಕು ವಾರಕ್ಕೆ ಸ್ವಲ್ಪ ಮುಂಚೆ ಒಂದು ಹೆಣ್ಣಿನ ಹೊಟ್ಟೆ ಚೌಕಾಕಾರ ಆಯಿತು, ಬಾಲದ ಬುಡದ ಹತ್ತಿರದ ಕಪ್ಪು ಮಚ್ಚೆ ದಟ್ಟವಾಯಿತು. ಒಂದು ಬೆಳಿಗ್ಗೆ ಪಾಚಿ ಗಿಡದ ನಡುವೆ ಕಣ್ಣುಗಳು ಕಂಡವು, ಎರಡೆರಡು ಕಣ್ಣಿಗೆ ಒಂದು ದಾರದೆಳೆಯಷ್ಟು ಮೈ. ಎಣಿಸಿದರೆ ಹದಿನೆಂಟು. ತಾಯಿಯೇ ಮರಿಗಳನ್ನ ತಿಂದುಬಿಡುತ್ತೆ, ಅದಕ್ಕೆ ಜಾವಾ ಮಾಸ್ ಅನ್ನೋ ಆ ಪಾಚಿ ಗಿಡ ದಟ್ಟವಾಗಿರಲಿ ಅಂತ ಯಜಮಾನರು ಮೊದಲೇ ಒಂದು ಹಿಡಿ ಕೊಟ್ಟಿದ್ದರು. ಹದಿನೆಂಟರಲ್ಲಿ ಹನ್ನೊಂದು ಉಳಿದವು. ಅವಕ್ಕೆ ಊಟ ಅದೇ ಕಿತ್ತಳೆ ಚುಕ್ಕಿಗಳು. ಮರಿ ತಿಂದ ಮೇಲೆ ಅದರ ಪಾರದರ್ಶಕ ಹೊಟ್ಟೆ ಕಿತ್ತಳೆಯಾಗೋದು ಬರಿಗಣ್ಣಿಗೇ ಕಾಣುತ್ತೆ.

ಮರಿ ಜಾಸ್ತಿಯಾದಾಗ ಊರ ಕೆರೆಗೆ ಬಿಡೋಣ, ಸೊಳ್ಳೆ ಮರಿ ತಿನ್ನುತ್ತೆ ಅಂದುಕೊಂಡಿದ್ದೆ. ಆರೋಗ್ಯ ಇಲಾಖೆಯವರು ಸೊಳ್ಳೆ ನಿಯಂತ್ರಣಕ್ಕೆ ಗಪ್ಪಿ, ಗಾಂಬೂಸಿಯಾ ಮೀನು ಬಿಡೋದನ್ನ ನೋಡಿದ್ದೀನಲ್ಲ. ಅಂಗಡಿ ಯಜಮಾನರು ಖಡಾಖಂಡಿತ ಬೇಡ ಅಂದರು. ಇದು ದಕ್ಷಿಣ ಅಮೆರಿಕದ ಮೀನು, ಕೆರೆಗೆ ಬಿದ್ದರೆ ನಮ್ಮ ನಾಡ ಮೀನಿನ ಮರಿಗೂ ಮೊಟ್ಟೆಗೂ ಕುತ್ತು. ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಅಂತ ನೋಡೋಕೆ ಗೊತ್ತಿದ್ದವರು ಇದ್ದಾರೆ, ನಾವು ನೀವು ಬಿಡಬಾರದು. "ಜಾಸ್ತಿ ಆದರೆ ನನಗೇ ತಂದುಕೊಡಿ" ಅಂದರು. ಮರಿಗೆ 5 ರೂಪಾಯಿ ಲೆಕ್ಕದಲ್ಲಿ ತಗೊಂಡು, ಅಷ್ಟು ಬೆಲೆಯ ತಿಂಡಿ ಕೊಡುತ್ತಾರೆ.

ಏಪ್ರಿಲ್‌ನಲ್ಲಿ ಒಂದು ಕಷ್ಟ ಬಂತು. ಸೆಕೆಗೆ ತೊಟ್ಟಿ ನೀರು 31 ಡಿಗ್ರಿ ಮುಟ್ಟಿತ್ತು, ಮಧ್ಯಾಹ್ನ ಹೋದ ಕರೆಂಟು ರಾತ್ರಿಯಾದರೂ ಬಂದಿರಲಿಲ್ಲ. ಮೀನುಗಳೆಲ್ಲ ಮೇಲೆ ಬಂದು ನೀರಿನ ಮೈಗೆ ಬಾಯಿ ಹಚ್ಚಿಕೊಂಡಿದ್ದವು. ಫೋನ್ ಮಾಡಿದೆ. ರಾತ್ರಿ ಒಂಬತ್ತೂವರೆಗೆ ಎತ್ತಿದರು. "ಲೋಟದಲ್ಲಿ ನೀರು ಮೊಗೆದು ಒಂದಡಿ ಮೇಲಿಂದ ಹುಯ್ಯಿರಿ. ಟೀ ಆರಿಸೋ ಹಾಗೆ. ಕಾಲು ಗಂಟೆಗೊಂದು ಸಲ. ತಿಂಡಿ ಹಾಕಲೇಬೇಡಿ" ಅಂದರು. ನೀರು ಬಿಸಿಯಾದಷ್ಟೂ ಆಕ್ಸಿಜನ್ ಹಿಡಿದಿಟ್ಟುಕೊಳ್ಳೋದು ಕಮ್ಮಿ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಸಿದರೆ 30ರಲ್ಲಿ ಏಳೂವರೆ. ಅದೇ ಹೊತ್ತಿಗೆ ಮೀನಿಗೆ ಬೇಕಾಗೋ ಉಸಿರು ಜಾಸ್ತಿಯಾಗುತ್ತೆ, ಅದರ ಮೈ ನೀರಿನಷ್ಟೇ ಬಿಸಿ ತಾನೆ. ಸ್ಪಂಜಿನಲ್ಲಿರೋ ಬ್ಯಾಕ್ಟೀರಿಯಾಕ್ಕೂ ಅದೇ ಆಕ್ಸಿಜನ್ನಿನಲ್ಲಿ ಪಾಲು ಬೇಕು. ನಾನೂ ಹೆಂಡತಿಯೂ ಸರದಿ ಮೇಲೆ ಎರಡು ಗಂಟೆವರೆಗೆ ಹುಯ್ದೆವು. ಕರೆಂಟ್ ಬಂತು. ಒಂದೂ ಸಾಯಲಿಲ್ಲ. ಮಾರನೇ ವಾರ ಬ್ಯಾಟರಿ ಪಂಪ್ ತಂದೆ, 450 ರೂಪಾಯಿ. ಅದನ್ನ ಮೊದಲ ದಿನವೇ ಹೇಳಬಹುದಿತ್ತು. ನಮ್ಮ ಹಳ್ಳಿ ಕರೆಂಟಿನ ಕಥೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಇದು ನನ್ನ ಒಂದು ದೂರು.

ಇನ್ನೂ ಇವೆ. ಬೆಟ್ಟಾ ಮೀನನ್ನ ಅವರು ಉಪ್ಪಿನಕಾಯಿ ಬಾಟಲಿಯಷ್ಟು ಚಿಕ್ಕ ಜಾಡಿಯಲ್ಲಿ ಸಾಲಾಗಿ ಇಟ್ಟಿದ್ದಾರೆ. ನನಗೆ ಅದನ್ನ ನೋಡೋಕಾಗಲ್ಲ. ಬೆಟ್ಟಾದ ತಲೆಯೊಳಗೆ ಗಾಳಿ ಹೀರೋ ಅಂಗ ಇದೆ, ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತೆ, ಗಂಡುಗಳನ್ನ ಒಟ್ಟಿಗೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ, ಅದಕ್ಕೇ ಬೇರೆ ಬೇರೆ ಅನ್ನೋದು ಅವರ ಸಮಜಾಯಿಷಿ. ಉಸಿರಿನ ವಿಷಯ ನಿಜ. ಆದರೆ ಅಮೋನಿಯಾದ ಪಾಠ ಹೇಳಿಕೊಟ್ಟವರು ಅವರೇ ಅಲ್ವಾ? ಅಷ್ಟು ಚಿಕ್ಕ ನೀರಿನಲ್ಲಿ ಎರಡೇ ದಿನಕ್ಕೆ ಎಷ್ಟು ಸೇರಿಕೊಳ್ಳಲ್ಲ? ಈಜೋಕೆ ಒಂದು ಗೇಣು ಜಾಗ ಬೇಡವಾ? ಇದನ್ನ ಅವರ ಮುಖಕ್ಕೇ ಹೇಳಿದ್ದೀನಿ. ದಿನಾ ನೀರು ಬದಲಾಯಿಸ್ತೀನಿ ಅಂದರು. ಬದಲಾಯಿಸೋದನ್ನ ನೋಡಿಯೂ ಇದ್ದೀನಿ. ಆದರೂ ಜಾಡಿ ದೊಡ್ಡದಾಗಬೇಕು.

ಬೆಲೆ ಬೇರೆ ಕಡೆಗಿಂತ ಜಾಸ್ತಿ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆ ಶಟರ್ ಹಾಕಿರುತ್ತಾರೆ, ಸೋಮವಾರ ರಜ. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಬಿಲ್ ಕೇಳಿದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ. ಅರ್ಜೆಂಟಿನಲ್ಲಿ ಹೋದರೆ ಆಗಲ್ಲ, ಒಬ್ಬೊಬ್ಬರಿಗೆ ಅರ್ಧ ಗಂಟೆ ಪಾಠ ನಡೆಯುತ್ತೆ, ಹಿಂದಿನವರು ಕಾಯಬೇಕು. ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡೋಕೆ ಬೋಗುಣಿ ಸಮೇತ ಮೀನು ಕೇಳಿದವರನ್ನ ನನ್ನ ಕಣ್ಣೆದುರೇ ವಾಪಸ್ ಕಳಿಸಿದರು. ಅವರು ಸಿಟ್ಟಾಗಿ ಹೋದರು.

ಊರಿನ ಟ್ಯಾಂಕಿಗೆ ನಾನು ಈಗಲೂ 125 ಗ್ರಾಂ ಪೌಡರ್ ಹಾಕ್ತೀನಿ, ಒಂದು ಸಲವೂ ತಪ್ಪಿಸಿಲ್ಲ, ತಪ್ಪಿಸೋದೂ ಇಲ್ಲ. ಆದರೆ ಬ್ಲೀಚಿಂಗ್ ಹಾಕಿದ ದಿನ ವಾಲ್ವ್ ಬಿಡುವಾಗ ನಮ್ಮ ಬೀದಿಯಲ್ಲಿ ಒಂದು ಮಾತು ಕೂಗಿ ಹೇಳ್ತೀನಿ: "ಮೀನಿದ್ದವರು ಇವತ್ತಿನ ನೀರು ನಾಳೆ ಹಾಕಿ." ಈಗ ನಮ್ಮ ಊರಲ್ಲಿ ಐದು ಮನೆಯಲ್ಲಿ ತೊಟ್ಟಿ ಇದೆ. ಐದಕ್ಕೂ ಹೆಪ್ಪು ಹೋಗಿದ್ದು ನಮ್ಮ ಮನೆಯ ಸ್ಪಂಜಿನಿಂದ.

ಅಂಗಡಿ ಹುಡುಕೋದು ಕಷ್ಟವೇನಲ್ಲ. ಸೈಕಲ್ ರಿಪೇರಿಯವರನ್ನ ಕೇಳಿದರೆ ತೋರಿಸುತ್ತಾರೆ. ಸಂಜೆ ಐದರ ಮೇಲೆ ಹೋಗಿ. ಒಂದು ಬಾಟಲಿಯಲ್ಲಿ ನಿಮ್ಮ ಮನೆ ನೀರು ಹಿಡಿದುಕೊಂಡು ಹೋಗಿ, ಅವರು ಮೊದಲು ಕೇಳೋದು ಅದನ್ನೇ. ಹಿಂದಿನ ದಿನ ನಿಮ್ಮ ಬೀದಿಗೆ ಬ್ಲೀಚಿಂಗ್ ಹಾಕಿದ್ದರಾ ಅಂತ ನಿಮ್ಮ ನೀರುಗಂಟಿಯನ್ನ ಒಂದು ಮಾತು ಕೇಳಿಕೊಂಡು ಹೋದರೆ ಇನ್ನೂ ಒಳ್ಳೇದು.